ಆಪರೇಷನ್ ಶ್ವಾರ್ಟ್ಸ್: ಸುತ್ಯೆಸ್ಕಾ ಕಣಿವೆಯ ಮುತ್ತಿಗೆ

ಎರಡನೇ ಮಹಾಯುದ್ಧದ ನಡುವೆ, 1943ರ ಮೇ 15ರಿಂದ ಜೂನ್ 16ರವರೆಗೆ, ಇಂದಿನ ಮಾಂಟೆನೆಗ್ರೊ ಮತ್ತು ಬೋಸ್ನಿಯಾ ದೇಶಗಳು ಕೂಡುವ ಬೆಟ್ಟಸೀಮೆಯಲ್ಲಿ ಜರ್ಮನ್ ಸೇನೆ ಒಂದು ದೊಡ್ಡ ದಾಳಿ ನಡೆಸಿತು. ಜರ್ಮನ್ ಕಡತಗಳಲ್ಲಿ ಅದರ ಹೆಸರು 'ಫಾಲ್ ಶ್ವಾರ್ಟ್ಸ್'. ಯುಗೊಸ್ಲಾವಿಯದ ಚರಿತ್ರೆಯಲ್ಲಿ ಅದೇ 'ಐದನೆಯ ಶತ್ರು ದಾಳಿ', ಜನರ ಬಾಯಲ್ಲಿ 'ಸುತ್ಯೆಸ್ಕಾ ಕದನ'. ಜೋಸಿಪ್ ಬ್ರೋಝ್ ಟಿಟೊ ಮುನ್ನಡೆಸುತ್ತಿದ್ದ ಪಾರ್ಟಿಸಾನ್ ಗೆರಿಲ್ಲಾಗಳ ಮುಖ್ಯ ಪಡೆಯನ್ನೂ ಅದರ ನಾಯಕತ್ವವನ್ನೂ ಒಂದೇ ಏಟಿಗೆ ಮುಗಿಸುವುದು ಇದರ ಗುರಿ. ನೆಹರೂ ಜೊತೆ ಅಲಿಪ್ತ ಚಳವಳಿ ಕಟ್ಟಿದ ಟಿಟೊ ನಮ್ಮ ಹಿರಿಯ ಓದುಗರಿಗೆ ಪರಿಚಿತರು. ಆದರೆ 1943ರ ಆ ಬೇಸಿಗೆಯಲ್ಲಿ ಅವರ ತಲೆ ಉಳಿದದ್ದೇ ಹೆಚ್ಚು.

ಪಡೆಯ ಮೂರನೇ ಒಂದು ಭಾಗ ಸತ್ತಿತು, ನಾಯಕತ್ವ ತಪ್ಪಿಸಿಕೊಂಡಿತು. ಇದು ಹೇಗಾಯಿತೆಂದು ತಿಳಿಯಬೇಕಾದರೆ ಸೇನಾಪತಿಗಳಿಗಿಂತ ಗಾಯಾಳುಗಳನ್ನು ಹಿಂಬಾಲಿಸಬೇಕು.

ಹಿನ್ನೆಲೆ

1941ರ ಏಪ್ರಿಲ್‌ನಲ್ಲಿ ಜರ್ಮನಿ, ಇಟಲಿ, ಹಂಗೇರಿ ಮತ್ತು ಬಲ್ಗೇರಿಯಾ ಸೇರಿ ಯುಗೊಸ್ಲಾವಿಯವನ್ನು ಹಂಚಿಕೊಂಡವು. ಕ್ರೊಯೇಷಿಯಾ ಮತ್ತು ಬೋಸ್ನಿಯಾ ಸೇರಿಸಿ ಉಸ್ತಾಶಾ ಫ್ಯಾಸಿಸ್ಟರ ಕೈಗೆ ಕೊಟ್ಟ ಒಂದು ಕೈಗೊಂಬೆ ರಾಜ್ಯ ಹುಟ್ಟಿತು. ಎದುರಿಗೆ ಎರಡು ಪ್ರತಿರೋಧಗಳು ಎದ್ದವು. ಒಂದು, ರಾಜನಿಷ್ಠ ಸೇನಾಧಿಕಾರಿ ದ್ರಾಝಾ ಮಿಹೈಲೊವಿಚ್ ನೇತೃತ್ವದ ಚೆಟ್ನಿಕ್‌ಗಳದು. ಇನ್ನೊಂದು, ಕಮ್ಯುನಿಸ್ಟರು ಮುನ್ನಡೆಸಿದ ಪಾರ್ಟಿಸಾನರದು. ಕೆಲವೇ ತಿಂಗಳಲ್ಲಿ ಈ ಎರಡೂ ಪರಸ್ಪರ ಕತ್ತಿ ಮಸೆದವು. ಚೆಟ್ನಿಕ್ ದಳಗಳು ಹಲವೆಡೆ ಇಟಾಲಿಯನ್ನರಿಂದ ಆಹಾರ, ಆಯುಧ ಪಡೆದು ಪಾರ್ಟಿಸಾನರ ಮೇಲೆ ಕಾದಾಡಿದವು.

1943ರ ಜನವರಿಯಿಂದ ಮಾರ್ಚ್‌ವರೆಗೆ ಜರ್ಮನ್ನರು 'ಫಾಲ್ ವೈಸ್' ಎಂಬ ದಾಳಿ ನಡೆಸಿದ್ದರು. ಪಾರ್ಟಿಸಾನರು ಸಾವಿರಾರು ಗಾಯಾಳುಗಳನ್ನು ಹೊತ್ತು ನೆರೆತ್ವಾ ನದಿ ದಾಟಿ ಪಾರಾದರು. ಅದೇ ಮಾರ್ಚ್‌ನಲ್ಲಿ ಟಿಟೊ ಪ್ರತಿನಿಧಿಗಳು ಕೈದಿಗಳ ವಿನಿಮಯದ ನೆಪದಲ್ಲಿ ಜರ್ಮನ್ನರ ಜೊತೆ ಮಾತುಕತೆಗೂ ಕೂತಿದ್ದರು. ಅವರಲ್ಲಿ ಮಿಲೊವಾನ್ ಜಿಲಾಸ್ ಮತ್ತು ಕೋಚಾ ಪೊಪೊವಿಚ್ ಇದ್ದರು. ಬರ್ಲಿನ್ ಒಪ್ಪಲಿಲ್ಲ, ಮಾತು ಮುರಿಯಿತು. ಯುದ್ಧಾನಂತರದ ಸರ್ಕಾರಿ ಚರಿತ್ರೆ ಈ ಪ್ರಕರಣವನ್ನು ಬಹುಕಾಲ ಮುಚ್ಚಿಟ್ಟಿತು. ಶುದ್ಧ ವೀರಗಾಥೆಗೆ ಅದು ಒಗ್ಗುವಂಥದ್ದಲ್ಲ, ನಿಜ.

ದಾಳಿಗೆ ಕಾರಣ

ಮೇ 13ರಂದು ಟ್ಯುನೀಷಿಯಾದಲ್ಲಿ ಜರ್ಮನ್ ಮತ್ತು ಇಟಾಲಿಯನ್ ಪಡೆಗಳು ಶರಣಾದವು. ಮಿತ್ರರಾಷ್ಟ್ರಗಳು ಮುಂದೆ ಇಳಿಯುವುದು ಗ್ರೀಸ್ ಅಥವಾ ಬಾಲ್ಕನ್ ತೀರಕ್ಕೇ ಎಂಬ ಭಯ ಹಿಟ್ಲರನನ್ನು ಕಾಡುತ್ತಿತ್ತು. ಬ್ರಿಟಿಷರು ಸುಳ್ಳು ಕಾಗದಪತ್ರಗಳೊಂದಿಗೆ ಹೆಣವೊಂದನ್ನು ಸ್ಪೇನ್ ತೀರಕ್ಕೆ ತೇಲಿಬಿಟ್ಟು ಆ ಭಯಕ್ಕೆ ನೀರೆರೆದಿದ್ದರು. ಬಾಲ್ಕನ್‌ನ ಬಾಕ್ಸೈಟ್, ಕ್ರೋಮ್, ತಾಮ್ರ ಜರ್ಮನ್ ಕಾರ್ಖಾನೆಗಳಿಗೆ ಬೇಕಿತ್ತು. ಬೆಲ್‌ಗ್ರೇಡ್‌ನಿಂದ ಸಲೋನಿಕಾಕ್ಕೆ ಹೋಗುವ ರೈಲುಮಾರ್ಗ ಗ್ರೀಸ್‌ನಲ್ಲಿದ್ದ ಸೇನೆಯ ಜೀವನಾಡಿ. ಮಿತ್ರರು ಕಾಲಿಡುವ ಮೊದಲೇ ಬೆನ್ನ ಹಿಂದಿನ ಬಂಡುಕೋರರನ್ನು ತೊಡೆದುಹಾಕಬೇಕಿತ್ತು.

ಬಂಡುಕೋರರು ಎಂದರೆ ಬರೀ ಪಾರ್ಟಿಸಾನರಲ್ಲ. ಮಿತ್ರರು ಇಳಿದ ಕೂಡಲೇ ಚೆಟ್ನಿಕ್‌ಗಳೂ ತಿರುಗಿಬೀಳುತ್ತಾರೆಂದು ಹಿಟ್ಲರ್ ನಂಬಿದ್ದ. ಹಾಗಾಗಿ ದಾಳಿ ಶುರುವಾಗುವ ಹೊತ್ತಿಗೆ ಜರ್ಮನ್ನರು ಕೊಲಾಶಿನ್ ಪಟ್ಟಣಕ್ಕೆ ನುಗ್ಗಿ ಚೆಟ್ನಿಕ್ ನಾಯಕ ಪಾವ್ಲೆ ಜುರಿಶಿಚ್‌ನನ್ನು ಅವನ ದಳದ ಸಮೇತ ಹಿಡಿದರು. ಅವನನ್ನು ಸಾಕಿದ್ದ ಇಟಾಲಿಯನ್ನರು ಸಿಡಿಮಿಡಿಗೊಂಡರೂ ತಡೆಯಲಾಗಲಿಲ್ಲ.

ಎರಡು ಪಡೆಗಳು

ಆಗ್ನೇಯ ಯುರೋಪಿನ ಜರ್ಮನ್ ಸೇನೆಗೆ ಅಲೆಕ್ಸಾಂಡರ್ ಲೋರ್ ಮುಖ್ಯಸ್ಥ. ದಾಳಿಯನ್ನು ನಡೆಸಿದವನು ರುಡಾಲ್ಫ್ ಲ್ಯೂಟರ್ಸ್. ರಷ್ಯಾದ ರಣರಂಗದಿಂದ ಕರೆಸಿಕೊಂಡ ಒಂದನೇ ಪರ್ವತ ಡಿವಿಜನ್, ಎಸ್‌ಎಸ್‌ನ 'ಪ್ರಿನ್ಸ್ ಓಯ್ಗೆನ್' ಡಿವಿಜನ್, 118ನೇ ಯೇಗರ್ ಡಿವಿಜನ್, ಕ್ರೊಯೇಷಿಯನ್ ಸೈನಿಕರಿದ್ದ 369ನೇ ಡಿವಿಜನ್ ಅವನ ಕೈಯಲ್ಲಿದ್ದವು. ಇಟಲಿಯ ಮೂರು ಡಿವಿಜನ್‌ಗಳು, ಕ್ರೊಯೇಷಿಯಾ ಮತ್ತು ಬಲ್ಗೇರಿಯಾದ ತುಕಡಿಗಳು ಸೇರಿ ಒಟ್ಟು ಸುಮಾರು 1,27,000 ಮಂದಿ. ಮೇಲೆ ವಿಮಾನಗಳು.

ಟಿಟೊ ಬಳಿ ಇದ್ದದ್ದು ನಾಲ್ಕು ಡಿವಿಜನ್‌ಗಳ 16 ಬ್ರಿಗೇಡ್, ಸುಮಾರು 22,000 ಜನ. ಅದರಲ್ಲೂ ಮೂರು ಸಾವಿರಕ್ಕೂ ಹೆಚ್ಚು ಮಂದಿ ಗಾಯಾಳುಗಳು, ಟೈಫಸ್ ಜ್ವರದವರು. 'ಕೇಂದ್ರ ಆಸ್ಪತ್ರೆ' ಎಂದು ಕರೆಯುತ್ತಿದ್ದದ್ದು ಕಟ್ಟಡವನ್ನಲ್ಲ, ಚಟ್ಟದಂಥ ಸ್ಟ್ರೆಚರ್‌ಗಳ ಮೇಲೆ ಮತ್ತು ಕುದುರೆ ಬೆನ್ನ ಮೇಲೆ ಸಾಗುತ್ತಿದ್ದ ಈ ಮೆರವಣಿಗೆಯನ್ನು. ಹಿಂದೆ ಬಿಟ್ಟರೆ ಕೊಲೆ ಖಚಿತ. ಹೊತ್ತು ನಡೆದರೆ ಒಬ್ಬ ಗಾಯಾಳುವಿಗೆ ನಾಲ್ವರು ಬೇಕು. ಇಂಥ ಭಾರ ಹೊತ್ತ ಸೇನೆ ಓಡಲಾರದು ಎಂಬುದೇ ಜರ್ಮನ್ ಲೆಕ್ಕಾಚಾರದ ಬುನಾದಿ.

ನೆಲದ ಸ್ವರೂಪ

ನಕಾಶೆಯನ್ನು ಎದುರಿಗಿಟ್ಟುಕೊಂಡರೆ ಕಥೆ ಸುಲಭ. ದುರ್ಮಿತೊರ್ ಪರ್ವತದ ಒಂದು ಬದಿಗೆ ತಾರಾ ನದಿ, ಇನ್ನೊಂದು ಬದಿಗೆ ಪಿವಾ. ಎರಡೂ ಆಳವಾದ ಕಮರಿಗಳಲ್ಲಿ ಹರಿದು ಒಂದಾಗಿ ದ್ರಿನಾ ನದಿಯಾಗುತ್ತವೆ. ತಾರಾ ಕಮರಿ ಕೆಲವೆಡೆ 1,300 ಮೀಟರ್ ಆಳ. ಪಿವಾದಿಂದ ಪಶ್ಚಿಮಕ್ಕೆ ವುಚೆವೊ ಪ್ರಸ್ಥಭೂಮಿ, ಅದರಾಚೆ ದ್ರಿನಾಕ್ಕೆ ಸೇರುವ ಸುತ್ಯೆಸ್ಕಾ ಹೊಳೆ, ಹೊಳೆಯಾಚೆ ಜೆಲೆನ್‌ಗೋರಾ ಬೆಟ್ಟಸಾಲು. ಬೇಟೆಗಾರರು ಕಾಡು ಸೋವುವಂತೆ ಜರ್ಮನ್ನರು ನಾಲ್ಕೂ ಕಡೆಯಿಂದ ಒತ್ತಿ, ಪಾರ್ಟಿಸಾನರನ್ನು ಈ ಎರಡು ಕಮರಿಗಳ ನಡುವಿನ ಇಕ್ಕಟ್ಟಿಗೆ ತಂದು ನಿಲ್ಲಿಸಿದರು.

ಹೊಟ್ಟೆಗೆ ಇರಲಿಲ್ಲ. ಸಾಮಾನು ಹೊತ್ತ ಕುದುರೆಗಳನ್ನೇ ಕೊಂದು ಉಪ್ಪಿಲ್ಲದೆ ಬೇಯಿಸಿ ತಿಂದರು. ಅದೂ ಮುಗಿದ ಮೇಲೆ ತುರಿಚೆ ಸೊಪ್ಪು, ಕಾಡು ಬೆಳ್ಳುಳ್ಳಿಯ ಎಲೆ. ಈ ನಡಿಗೆಯಲ್ಲಿ ವ್ಲಾದಿಮಿರ್ ನಾಜೊರ್ ಎಂಬ 67ರ ಕ್ರೊಯೇಷಿಯನ್ ಕವಿಯೂ ಇದ್ದರು, ಬದುಕಿಯೂ ಉಳಿದರು.

ಜೂನ್ 3ರ ತೀರ್ಮಾನ

ಪಿವಾ ದಂಡೆಯ ಮ್ರಾತಿನ್ಯೆಯಲ್ಲಿ ನಾಯಕರು ಸಭೆ ಸೇರಿದರು. ಪಡೆಯನ್ನು ಎರಡಾಗಿ ಒಡೆಯುವುದೆಂದು ನಿರ್ಧಾರವಾಯಿತು. ಒಂದನೇ ಮತ್ತು ಎರಡನೇ ಡಿವಿಜನ್‌ಗಳು ಮುಖ್ಯ ಕಚೇರಿಯೊಂದಿಗೆ ಸುತ್ಯೆಸ್ಕಾ ದಾಟಿ ವಾಯವ್ಯಕ್ಕೆ ನುಗ್ಗಬೇಕು; ಮೂರನೇ ಮತ್ತು ಏಳನೇ ಡಿವಿಜನ್‌ಗಳು ಗಾಯಾಳುಗಳನ್ನು ಕರೆದುಕೊಂಡು ತಾರಾ ದಾಟಿ ಪೂರ್ವಕ್ಕೆ ಹೋಗಬೇಕು. ಫಿರಂಗಿಗಳನ್ನು ಹೂತುಹಾಕಿದರು.

ಸೇನಾದೃಷ್ಟಿಯಿಂದ ಇದಕ್ಕಿಂತ ಬೇರೆ ದಾರಿ ಇತ್ತೇ ಎಂಬುದು ವಾದದ ವಿಷಯ. ಒಂದಂತೂ ದಿಟ: ಭಾರವನ್ನು ಒಂದು ಗುಂಪಿಗೆ ದಾಟಿಸಿದ್ದರಿಂದಲೇ ಇನ್ನೊಂದು ಗುಂಪು ವೇಗವಾಗಿ ಚಲಿಸಿತು.

ಸುತ್ಯೆಸ್ಕಾದ ಆಚೆ ದಡದಲ್ಲಿ ಉಳಿದಿದ್ದದ್ದು ಕೆಲವೇ ಕಿಲೋಮೀಟರ್ ಅಗಲದ ದಾರಿ. ಅದನ್ನು ತೆರೆದಿಡಲು ಲ್ಯುಬಿನ್ ಗ್ರೋಬ್, ಕೋಶುರ್ ಎಂಬ ದಿಣ್ಣೆಗಳಲ್ಲಿ ಮಾಂಟೆನೆಗ್ರೊ ಮತ್ತು ದಾಲ್ಮೇಷಿಯಾದ ಬ್ರಿಗೇಡ್‌ಗಳು ದಿನಗಟ್ಟಲೆ ನಿಂತು ಸತ್ತವು. ಮುಂಚೂಣಿಯಲ್ಲಿದ್ದ ಒಂದನೇ ಡಿವಿಜನ್‌ನ ನಾಯಕ ಕೋಚಾ ಪೊಪೊವಿಚ್. ಬೆಲ್‌ಗ್ರೇಡ್‌ನ ಸಿರಿವಂತರ ಮನೆಯ ಹುಡುಗ, ಪ್ಯಾರಿಸ್‌ನಲ್ಲಿ ತತ್ತ್ವಶಾಸ್ತ್ರ ಓದಿದ ಸರ್ರಿಯಲಿಸ್ಟ್ ಕವಿ, ಸ್ಪೇನ್ ಅಂತರ್ಯುದ್ಧದಲ್ಲಿ ಕಾದಾಡಿ ಬಂದವರು. ಮುಂದೆ ದೇಶದ ವಿದೇಶಾಂಗ ಮಂತ್ರಿಯಾದರು. ಜೂನ್ 10ರಂದು ಅವರ ಡಿವಿಜನ್‌ನ ಮೊದಲ ಬ್ರಿಗೇಡ್ ಬಾಲಿನೊವಾಟ್ಸ್ ಬಳಿ 369ನೇ ಡಿವಿಜನ್‌ನ ಸಾಲನ್ನು ಸೀಳಿತು. ಫೋಚಾ–ಕಾಲಿನೊವಿಕ್ ರಸ್ತೆ ದಾಟಿ ಮುಖ್ಯ ಗುಂಪು ಹೊರಬಂತು.

ಆಕಾಶದಿಂದ ಬಂದ ಅತಿಥಿಗಳು

ಮೇ 28ರ ನಸುಕಿಗೆ ಮುನ್ನ, ಮುತ್ತಿಗೆ ಬಿಗಿಯಾಗುತ್ತಿದ್ದ ಹೊತ್ತಿನಲ್ಲೇ, ಆರು ಜನರ ಬ್ರಿಟಿಷ್ ತಂಡವೊಂದು ಪ್ಯಾರಾಚೂಟ್‌ನಲ್ಲಿ ದುರ್ಮಿತೊರ್ ಬಳಿ ಇಳಿಯಿತು. ಮುಖ್ಯಸ್ಥರು ಇಬ್ಬರು ಕ್ಯಾಪ್ಟನ್‌ಗಳು: ಬಿಲ್ ಸ್ಟುವರ್ಟ್ ಮತ್ತು ಬಿಲ್ ಡೀಕಿನ್. ಡೀಕಿನ್ ಆಕ್ಸ್‌ಫರ್ಡ್‌ನ ಚರಿತ್ರಕಾರ. ಯುದ್ಧಕ್ಕೆ ಮೊದಲು ಚರ್ಚಿಲ್ ಪುಸ್ತಕಗಳಿಗೆ ಸಂಶೋಧನೆ ಮಾಡಿಕೊಟ್ಟವರು. ಜರ್ಮನ್ನರೊಡನೆ ನಿಜವಾಗಿ ಕಾದುತ್ತಿರುವವರು ಯಾರು ಎಂಬುದನ್ನು ಕಣ್ಣಾರೆ ನೋಡಿ ತಿಳಿಸುವುದು ಅವರ ಕೆಲಸ.

ಜೂನ್ 9ರಂದು ಓಜ್ರೆನ್ ಬೆಟ್ಟದ ಕಾಡಿನಲ್ಲಿ ಜರ್ಮನ್ ವಿಮಾನಗಳು ಬಾಂಬು ಸುರಿದವು. ಒಂದು ಬಾಂಬು ಟಿಟೊ ಇದ್ದಲ್ಲೇ ಬಿತ್ತು. ಸ್ಟುವರ್ಟ್ ಸತ್ತರು. ಟಿಟೊ ಅಂಗರಕ್ಷಕನೊಬ್ಬ ಸತ್ತ. ಅವರ ನಾಯಿ ಲುಕ್ಸ್ ಕೂಡ ಸತ್ತಿತು. ಟಿಟೊ ಎಡತೋಳಿಗೆ ಚೂರು ಹೊಕ್ಕಿತು, ಡೀಕಿನ್ ಕಾಲಿಗೆ ಗಾಯವಾಯಿತು. ಮೈಮೇಲೆ ಬಿದ್ದು ನಾಯಿಯೇ ಯಜಮಾನನನ್ನು ಉಳಿಸಿತೆಂಬ ಮಾತು ಆಮೇಲೆ ಶಾಲಾ ಮಕ್ಕಳ ಬಾಯಿಪಾಠವಾಯಿತು.

ಹಿಂದೆ ಉಳಿದವರು

ಎರಡನೇ ಗುಂಪಿಗೆ ತಾರಾ ದಾಟಲು ಆಗಲಿಲ್ಲ. ಎದುರು ದಡ ಆಗಲೇ ಶತ್ರುಗಳ ಕೈಯಲ್ಲಿತ್ತು. ಅವರೂ ಮರಳಿ ಸುತ್ಯೆಸ್ಕಾದ ಕಡೆ ತಿರುಗಿದರು. ಏಳನೇ ಡಿವಿಜನ್ ಹೇಗೋ ಮುಂದೆ ಹೋಯಿತು. ಗಾಯಾಳುಗಳಿದ್ದ ಮೂರನೇ ಡಿವಿಜನ್ ತಲುಪುವ ಹೊತ್ತಿಗೆ ದಾರಿ ಮುಚ್ಚಿತ್ತು. ಜೂನ್ 13ರ ಮುಂಜಾನೆ, ತ್ಯೆಂತಿಷ್ತೆ ಹತ್ತಿರದ ಕ್ರೆಕೊವಿಯಲ್ಲಿ, ಹೊಳೆ ದಾಟಿ ಜರ್ಮನ್ ಬಂಕರುಗಳ ಮೇಲೆ ಏರಿಹೋದ ಡಿವಿಜನ್ ಕಮಾಂಡರ್ ಸಾವಾ ಕೊವಾಚೆವಿಚ್ ಗುಂಡಿಗೆ ಬಲಿಯಾದರು. ಅವರ ಜೊತೆ ನೂರಾರು ಜನ ಬಿದ್ದರು. ಕೆಲವರು ಸೀಳಿಕೊಂಡು ಹೋದರು, ಉಳಿದವರು ಚದುರಿದರು. ಜಿಲಾಸ್ ಈ ಗುಂಪಿನಲ್ಲಿದ್ದು ಪಾರಾದವರಲ್ಲೊಬ್ಬರು.

ನಡೆಯಲಾಗದ ಗಾಯಾಳುಗಳನ್ನು ಪಿವಾ ಕಣಿವೆಯ ಗುಹೆಗಳಲ್ಲಿ, ಪೊದೆಗಳಲ್ಲಿ ಅಡಗಿಸಿದ್ದರು. ಜರ್ಮನ್ ಸೈನಿಕರು ನಾಯಿಗಳೊಂದಿಗೆ ಕಾಡು ಜಾಲಾಡಿ ಹುಡುಕಿ ಕೊಂದರು. ದಾದಿಯರನ್ನೂ ವೈದ್ಯರನ್ನೂ ಬಿಡಲಿಲ್ಲ. ಊರಿನವರ ಗತಿಯೂ ಅದೇ. ಪಿವಾ ಸೀಮೆಯ ದೋಲಿ ಹಳ್ಳಿಯಲ್ಲಿ ಜೂನ್ 7ರಂದು 'ಪ್ರಿನ್ಸ್ ಓಯ್ಗೆನ್' ಸೈನಿಕರು ಹೆಂಗಸರು, ಮಕ್ಕಳು, ಮುದುಕರೆನ್ನದೆ ಐನೂರಕ್ಕೂ ಹೆಚ್ಚು ಜನರನ್ನು ಕೊಂದರು. ಕ್ರೊಯೇಷಿಯನ್ ಕವಿ ಇವಾನ್ ಗೊರಾನ್ ಕೊವಾಚಿಚ್ ರೋಗಿಯಾಗಿದ್ದ ವೈದ್ಯ ಗೆಳೆಯನನ್ನು ಬಿಟ್ಟುಹೋಗದೆ ಹಿಂದೆ ಉಳಿದರು. ಜುಲೈನಲ್ಲಿ ಚೆಟ್ನಿಕ್‌ಗಳು ಇಬ್ಬರನ್ನೂ ಕೊಂದರು.

ಲೆಕ್ಕ ಮತ್ತು ಫಲ

ಪಾರ್ಟಿಸಾನರ ಕಡೆ ಸತ್ತವರು ಏಳು ಸಾವಿರಕ್ಕೂ ಹೆಚ್ಚು. ಜರ್ಮನ್ ದಾಖಲೆಗಳು ತಮ್ಮ ಕಡೆ ಸುಮಾರು 580 ಸಾವು ತೋರಿಸುತ್ತವೆ. ಹೆಣಗಳ ಲೆಕ್ಕದಲ್ಲಿ ಲ್ಯೂಟರ್ಸ್ ಗೆದ್ದ. ಆದರೆ ಗುರಿ ಹೆಣಗಳಾಗಿರಲಿಲ್ಲ. ಪೂರ್ವ ಬೋಸ್ನಿಯಾಕ್ಕೆ ಬಂದ ಬ್ರಿಗೇಡ್‌ಗಳು ಕೆಲವೇ ವಾರಗಳಲ್ಲಿ ಪಟ್ಟಣಗಳನ್ನು ಹಿಡಿಯತೊಡಗಿದವು. ಸೆಪ್ಟೆಂಬರ್ 8ರಂದು ಇಟಲಿ ಶರಣಾಗತಿ ಘೋಷಿಸಿದಾಗ ಅದರ ಡಿವಿಜನ್‌ಗಳ ಆಯುಧ ರಾಶಿರಾಶಿಯಾಗಿ ಪಾರ್ಟಿಸಾನರ ಕೈಸೇರಿತು. ಡೀಕಿನ್ ಕಳಿಸಿದ ವರದಿಗಳೂ ಕೆಲಸ ಮಾಡಿದವು: ವರ್ಷದ ಕೊನೆಯ ಟೆಹರಾನ್ ಸಮ್ಮೇಳನದಲ್ಲಿ ಮಿತ್ರರಾಷ್ಟ್ರಗಳು ಮಿಹೈಲೊವಿಚ್‌ನನ್ನು ಬದಿಗಿಟ್ಟು ಪಾರ್ಟಿಸಾನರಿಗೆ ನೆರವು ಕೊಡುವುದೆಂದು ಒಪ್ಪಿದವು. ಲೋರ್‌ಗೆ 1947ರಲ್ಲಿ ಬೆಲ್‌ಗ್ರೇಡ್‌ನಲ್ಲಿ ಮರಣದಂಡನೆಯಾಯಿತು.

ಸ್ಮಾರಕ, ಸಿನಿಮಾ, ಪುಸ್ತಕ

ತ್ಯೆಂತಿಷ್ತೆಯಲ್ಲಿ ಶಿಲ್ಪಿ ಮಿಯೊದ್ರಾಗ್ ಝಿವ್‌ಕೊವಿಚ್ ಕಟ್ಟಿದ ಎರಡು ಬೃಹತ್ ಕಾಂಕ್ರೀಟ್ ರೆಕ್ಕೆಗಳ ಸ್ಮಾರಕವಿದೆ. ಅದರ ಕೆಳಗೆ ಮೂರು ಸಾವಿರಕ್ಕೂ ಹೆಚ್ಚು ಹೋರಾಟಗಾರರ ಅಸ್ಥಿ. ಸುತ್ತಲಿನದು ಸುತ್ಯೆಸ್ಕಾ ರಾಷ್ಟ್ರೀಯ ಉದ್ಯಾನ. 1973ರಲ್ಲಿ ಬಂದ 'ಸುತ್ಯೆಸ್ಕಾ' ಸಿನಿಮಾದಲ್ಲಿ ಟಿಟೊ ಪಾತ್ರ ಮಾಡಿದವನು ರಿಚರ್ಡ್ ಬರ್ಟನ್. ನೋಡಲು ಅಡ್ಡಿಯಿಲ್ಲ, ಚರಿತ್ರೆಯೆಂದು ಮಾತ್ರ ನಂಬಬೇಡಿ. ಕದನವನ್ನು ತಿಳಿಯಬೇಕೆನ್ನುವವರು ಡೀಕಿನ್ 1971ರಲ್ಲಿ ಬರೆದ 'ದಿ ಎಂಬ್ಯಾಟಲ್ಡ್ ಮೌಂಟನ್' ಓದಲಿ. ಅವರು ಪಾರಾದ ಗುಂಪಿನಲ್ಲಿದ್ದವರು. ಹಿಂದೆ ಉಳಿದ ಗುಂಪಿನ ಕಥೆಗೆ ಜಿಲಾಸರ ಯುದ್ಧಸ್ಮೃತಿಯನ್ನೂ ಪಕ್ಕದಲ್ಲಿಟ್ಟುಕೊಳ್ಳುವುದು ಒಳ್ಳೆಯದು.