ಲಿಸ್ಬನ್ ಪಕ್ಕದ ಬೆಟ್ಟದಲ್ಲಿ ಸೋಮನಾಥದ ಕಲ್ಲು



ರಜೆ ಬಂತೆಂದರೆ ಬೆಟ್ಟದ ದಾರಿ ಹಿಡಿಯುವುದು ಮಹಾನಗರದವರ ಹಳೆಯ ಅಭ್ಯಾಸ. ಮುಂಬಯಿಯಲ್ಲಿರುವ ನಿಮಗೆ ಮಾಥೇರಾನ್, ಪುಣೆಯಲ್ಲಿದ್ದರೆ ಸಿಂಹಗಡ. ಪೋರ್ಚುಗಲ್ ದೇಶದ ರಾಜಧಾನಿ ಲಿಸ್ಬನ್ನಿನ ಜನಕ್ಕೂ ಅಂಥದೇ ಒಂದು ಬೆಟ್ಟವಿದೆ. ಹೆಸರು ಸಿಂತ್ರಾ. ಲಿಸ್ಬನ್ನಿನ ರೊಸಿಯೊ ನಿಲ್ದಾಣದಲ್ಲಿ ಲೋಕಲ್ ರೈಲು ಹತ್ತಿದರೆ ಸುಮಾರು 40 ನಿಮಿಷದ ಹಾದಿ. ಈ ಬಾರಿ ನಿಮ್ಮನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತೇವೆ. ಕಾರಣವಿದೆ, ಕೊನೆಯವರೆಗೂ ಓದಿ.

ಬೆಟ್ಟ ಬಹಳ ಎತ್ತರದ್ದಲ್ಲ. ಅತಿ ಎತ್ತರದ ತುದಿ 528 ಮೀಟರ್. ಆದರೆ ಅಟ್ಲಾಂಟಿಕ್ ಸಾಗರ ಪಕ್ಕದಲ್ಲೇ ಇರುವುದರಿಂದ ತಂಗಾಳಿ, ಮಂಜು, ಹಸಿರಿಗೆ ಕೊರತೆಯಿಲ್ಲ. ಲಿಸ್ಬನ್ ಬಿಸಿಲಿಗೆ ಬೇಯುವಾಗ ರಾಜರು ಇಲ್ಲಿಗೆ ಬರುತ್ತಿದ್ದರು. ರಾಜರ ಹಿಂದೆ ಸಿರಿವಂತರೂ ಬಂದು ತೋಟದ ಮನೆಗಳನ್ನು ಕಟ್ಟಿಕೊಂಡರು. ಊರಿನ ನಡುವೆ ಹಳೆಯ ಅರಮನೆ. ಅದರ ಅಡುಗೆಮನೆಯ ಮೇಲೆ 33 ಮೀಟರ್ ಎತ್ತರದ ಎರಡು ಬಿಳಿ ಚಿಮಣಿಗಳು. ಮೇಲೆ ಬಂಡೆಗಳ ನಡುವೆ ಮೂರರು ಕಟ್ಟಿದ ಕೋಟೆ. 1147ರಲ್ಲಿ ಅದು ಪೋರ್ಚುಗೀಸರ ವಶವಾಯಿತು. ಇನ್ನೊಂದು ಶಿಖರದ ಮೇಲೆ ಹಳದಿ, ಕೆಂಪು ಬಣ್ಣದ ಪೆನಾ ಅರಮನೆ. ಪಾಳುಬಿದ್ದ ಮಠವೊಂದನ್ನು 1838ರಲ್ಲಿ ಕೊಂಡು ಅದನ್ನು ಕಟ್ಟಿಸಿದವನು ಎರಡನೆಯ ಫರ್ಡಿನಾಂಡ್. 1995ರಲ್ಲಿ ಸಿಂತ್ರಾ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಪ್ರವಾಸಿಗಳು ಸಾಮಾನ್ಯವಾಗಿ ನೋಡಿ ಬರುವುದು ಇಷ್ಟು. ನಮ್ಮ ಕಥೆ ಶುರುವಾಗುವುದು ಪೆನ್ಹಾ ವೆರ್ಡೆ ಎಂಬ ಇನ್ನೊಂದು ಎಸ್ಟೇಟಿನಲ್ಲಿ. ಅದರ ಒಡೆಯ ಡೊಮ್ ಜೋವಾ ಡಿ ಕಾಸ್ಟ್ರೊ. 1545ರಲ್ಲಿ ಗೋವೆಗೆ ಗವರ್ನರ್ ಆಗಿ ಬಂದವನು. ಮರುವರ್ಷ ಗುಜರಾತಿನ ಸೈನ್ಯ ದೀವ್ ಕೋಟೆಯನ್ನು ಮುತ್ತಿದಾಗ ಹಡಗುಗಳೊಡನೆ ಹೋಗಿ ಗೆದ್ದ. ಒಡೆದ ಕೋಟೆಯನ್ನು ಮತ್ತೆ ಕಟ್ಟಲು ಹಣವಿಲ್ಲದೆ, ತನ್ನ ಗಡ್ಡದ ಕೂದಲನ್ನೇ ಒತ್ತೆಯಿಟ್ಟು ಗೋವೆಯ ನಾಗರಿಕರಿಂದ ಸಾಲ ಕೇಳಿದವನೆಂದು ಪ್ರಸಿದ್ಧ. 1548ರಲ್ಲಿ ವೈಸರಾಯ್ ಪದವಿ ಬಂತು, ಅದೇ ವರ್ಷ ಗೋವೆಯಲ್ಲೇ ತೀರಿಕೊಂಡ. ತನ್ನ ಬೆಟ್ಟದ ತೋಟಕ್ಕೆ ಮರಳಲೇ ಇಲ್ಲ.

ಈತನಿಗೂ ಕನ್ನಡ ನಾಡಿಗೂ ನೇರ ಸಂಬಂಧವಿದೆ. 1547ರಲ್ಲಿ ಈತ ವಿಜಯನಗರದೊಡನೆ ಒಪ್ಪಂದ ಮಾಡಿಕೊಂಡ. ಸಿಂಹಾಸನದ ಮೇಲೆ ಸದಾಶಿವರಾಯ, ಆಡಳಿತ ಅಳಿಯ ರಾಮರಾಯನ ಕೈಯಲ್ಲಿ. ಗೋವೆಗೆ ಬಂದಿಳಿಯುವ ಕುದುರೆಗಳು ವಿಜಯನಗರಕ್ಕೇ ಹೋಗಬೇಕು, ಬಿಜಾಪುರಕ್ಕೆ ಸಿಗಬಾರದು. ವಿಜಯನಗರದ ವ್ಯಾಪಾರಿಗಳು ಕರಾವಳಿಗೆ ಕಳಿಸುವ ಸರಕು ಅಂಕೋಲಾ, ಹೊನ್ನಾವರದ ಮೂಲಕವೇ ಪೋರ್ಚುಗೀಸರಿಗೆ ಮುಟ್ಟಬೇಕು. ಇದಾಗಿ 18 ವರ್ಷಕ್ಕೆ, 1565ರಲ್ಲಿ, ರಕ್ಕಸ-ತಂಗಡಿಯ ಯುದ್ಧ ನಡೆಯಿತು.

ಪೆನ್ಹಾ ವೆರ್ಡೆಯ ತೋಟಕ್ಕೆ ಭಾರತದಿಂದ ಹೋದ ಒಂದು ಕಲ್ಲಿದೆ. ಅದರ ಮೇಲೆ ಸಂಸ್ಕೃತ ಶಾಸನ. ಕಾಸ್ಟ್ರೊನೇ ಕಳಿಸಿದ್ದೆಂಬುದು ವಾಡಿಕೆಯ ಮಾತು. ಜರ್ಮನ್ ವಿದ್ವಾಂಸ ಬ್ಯೂಲರ್ ಅದನ್ನು ಓದಿ ‘ಎಪಿಗ್ರಾಫಿಯಾ ಇಂಡಿಕಾ’ದ ಮೊದಲ ಸಂಪುಟದಲ್ಲಿ ಪ್ರಕಟಿಸಿದರು. ಗುಜರಾತಿನ ಸೋಮನಾಥದಲ್ಲಿ, ವಾಘೇಲ ದೊರೆ ಸಾರಂಗದೇವನ ಕಾಲದಲ್ಲಿ, 1287ರಲ್ಲಿ ನೆಟ್ಟ ಕಲ್ಲು ಅದು. ತ್ರಿಪುರಾಂತಕನೆಂಬ ಪಾಶುಪತ ಯತಿ ಕೇದಾರ, ಪ್ರಯಾಗ, ಶ್ರೀಶೈಲ, ತ್ರ್ಯಂಬಕ, ರಾಮೇಶ್ವರಗಳ ಯಾತ್ರೆ ಮುಗಿಸಿ ಸೋಮನಾಥಕ್ಕೆ ಬಂದು ಐದು ಶಿವಾಲಯಗಳನ್ನು ಕಟ್ಟಿಸಿದ ವಿವರ ಅದರಲ್ಲಿದೆ. ಪಾಶುಪತರ ಗುರು ಲಕುಲೀಶ ಮತ್ತು ಅವನ ನಾಲ್ವರು ಶಿಷ್ಯರ ಹೆಸರೂ ಇದೆ. ಲಕುಲೀಶನ ಹೆಸರು ನಮ್ಮ ಬಳ್ಳಿಗಾವಿಯ ಕಾಳಾಮುಖ ಶಾಸನಗಳಲ್ಲೂ ಬರುತ್ತದೆ.

ಈಗ ನೀವೇ ಯೋಚಿಸಿ. ಶಾಸನ ಅಲಂಕಾರದ ಕಲ್ಲಲ್ಲ. ಯಾವ ಗುಡಿಗೆ ಯಾರು ಏನು ಕೊಟ್ಟರು, ಪೂಜೆ ಹೇಗೆ ನಡೆಯಬೇಕು ಎಂದು ಊರಿನವರ ಕಣ್ಣಮುಂದೆ ನಿಲ್ಲಿಸಿದ ದಾಖಲೆ. ಇವತ್ತಿನ ಭಾಷೆಯಲ್ಲಿ ಜಮೀನಿನ ಪಹಣಿ ಪತ್ರವಿದ್ದಂತೆ. ಅದನ್ನು ಕಿತ್ತು ಸಾಗಿಸಿದರೆ ಊರಿನ ಕೈಯಿಂದ ಸಾಕ್ಷಿಯೇ ಹೋಯಿತು. ತೋಟದಲ್ಲಿ ಸುತ್ತಾಡುವವರಿಗೆ ಅದು ವಿಚಿತ್ರ ಲಿಪಿಯ ಒಂದು ಕುತೂಹಲ, ಅಷ್ಟೆ.

ಇದೇ ಸಿಂತ್ರಾದ ಮೊನ್ಸೆರಾತ್ ಎಸ್ಟೇಟಿನ ತೋಟದಲ್ಲಿ ಭಾರತದ ಒಂದು ಕಮಾನೂ ಇದೆ. 1857ರ ದಂಗೆಯ ನಂತರ ಗವರ್ನರ್ ಜನರಲ್ ಕ್ಯಾನಿಂಗ್‌ನಿಂದ ಲಂಡನ್ನಿನ ಬಟ್ಟೆ ವ್ಯಾಪಾರಿ ಫ್ರಾನ್ಸಿಸ್ ಕುಕ್ ಅದನ್ನು ಕೊಂಡ. ನೋಡಲು ಸೊಗಸು. ಆದರೆ ಅದು ಮೊದಲು ಯಾವ ಊರಿನ ಯಾವ ಬಾಗಿಲಾಗಿತ್ತು ಎಂದು ಕೇಳಬೇಕೆನಿಸುವುದಿಲ್ಲವೇ?

ಸಿಂತ್ರಾಕ್ಕೆ ಹೋಗಬೇಡಿ ಎನ್ನುತ್ತಿಲ್ಲ. ಅವಕಾಶ ಸಿಕ್ಕರೆ ಖಂಡಿತ ಹೋಗಿ, ಬೆಟ್ಟ ಬಲು ಚೆಂದ. ಚೆಂದವನ್ನು ಕಣ್ತುಂಬಿಕೊಂಡ ಮೇಲೆ ‘ಈ ಕಲ್ಲು ಎಲ್ಲಿಂದ ಬಂತು?’ ಎಂಬ ಒಂದು ಪ್ರಶ್ನೆ ಮನಸ್ಸಿನಲ್ಲಿರಲಿ.

ಇನ್ನೊಂದು ಮಾತು. ಹೊರಗಿನವರು ಹೊತ್ತೊಯ್ದದ್ದು ಹಾಗಿರಲಿ, ನಮ್ಮೂರಿನಲ್ಲೇ ಉಳಿದ ಕಲ್ಲುಗಳ ಗತಿ ಏನು? ಎಷ್ಟೋ ಹಳ್ಳಿಗಳಲ್ಲಿ ಶಾಸನದ ಕಲ್ಲು ಬಟ್ಟೆ ಒಗೆಯುವ ಹಾಸುಗಲ್ಲಾಗಿದೆ, ಹಟ್ಟಿಯ ಮೆಟ್ಟಿಲಾಗಿದೆ. ಮುಂದಿನ ಸಲ ಹಬ್ಬಕ್ಕೋ ಜಾತ್ರೆಗೋ ಊರಿಗೆ ಹೋದಾಗ ಗುಡಿಯ ಪಕ್ಕ, ಕೆರೆಯ ಏರಿಯ ಮೇಲೆ ಒಮ್ಮೆ ಕಣ್ಣಾಡಿಸಿ. ಅಕ್ಷರ ಕಂಡರೆ ಮಕ್ಕಳನ್ನು ಕರೆದು ತೋರಿಸಿ. ಆ ಕಲ್ಲು ಇನ್ನೂ ತನ್ನ ಜಾಗದಲ್ಲಿದೆ ಎಂಬುದೇ ದೊಡ್ಡ ಭಾಗ್ಯ.