ಮೈತೂಕ, ಮೇವು, ಶಕ್ತಿ: ಪ್ರಾಣಿಗಳ ದಿನದ ಆಹಾರದ ಅಂದಾಜು ಬೆಳೆದು ಬಂದ ಬಗೆ

ನಾನೂರು ಕಿಲೋ ತೂಗುವ ಎಮ್ಮೆ ನಾಲ್ಕು ಕಿಲೋ ಬೆಕ್ಕಿಗಿಂತ ನೂರು ಪಟ್ಟು ಭಾರ. ಆದರೆ ಸುಮ್ಮನೆ ಮಲಗಿದ್ದಾಗ ಅದರ ಮೈ ದಿನಕ್ಕೆ ಸುಡುವ ಶಕ್ತಿ ಬೆಕ್ಕಿನದಕ್ಕಿಂತ ಸುಮಾರು 32 ಪಟ್ಟು ಮಾತ್ರ ಹೆಚ್ಚು. ಬೆಕ್ಕಿಗೆ 200 ಕಿಲೋಕ್ಯಾಲರಿಯ ಹತ್ತಿರ, ಎಮ್ಮೆಗೆ 6,300ರ ಹತ್ತಿರ. ಪ್ರಾಣಿಗೆ ದಿನಕ್ಕೆ ಎಷ್ಟು ಆಹಾರ ಬೇಕೆಂಬ ಎಲ್ಲ ಲೆಕ್ಕಗಳೂ ಈ ಅಸಮ ನಂಟಿನಿಂದಲೇ ಹೊರಡುತ್ತವೆ. ಅದನ್ನು ಸರಿಯಾಗಿ ಕಂಡುಕೊಳ್ಳಲು ಒಂದೂವರೆ ಶತಮಾನ ಬೇಕಾಯಿತು.

ಮೊದಲ ಅಳತೆ ನಡೆದದ್ದು ಫ್ರಾನ್ಸಿನಲ್ಲಿ. 1782–83ರ ಚಳಿಗಾಲದಲ್ಲಿ ಲಾವೋಸಿಯೆ ಮತ್ತು ಲಾಪ್ಲಾಸ್ ಸುತ್ತಲೂ ಮಂಜುಗಡ್ಡೆ ತುಂಬಿದ ಪಾತ್ರೆಯೊಳಗೆ ಗಿನಿಯಿಲಿಯನ್ನು ಕೂರಿಸಿ, ಕರಗಿದ ನೀರಿನಿಂದ ಅದರ ಮೈ ಬಿಟ್ಟ ಬಿಸಿಯನ್ನು ಅಳೆದರು. ಉಸಿರಾಟವೆಂದರೆ ನಿಧಾನವಾದ ಉರಿ ಎಂದು ಆಗ ಗೊತ್ತಾಯಿತು. ಆದರೆ ಕೊಟ್ಟಿಗೆಯ ಲೆಕ್ಕಕ್ಕೆ ಇದು ಕೂಡಲೇ ಒದಗಲಿಲ್ಲ. ಜರ್ಮನಿಯ ಥೇರ್ 19ನೇ ಶತಮಾನದ ಆರಂಭದಲ್ಲಿ ಎಲ್ಲ ಮೇವನ್ನೂ ಒಣಹುಲ್ಲಿಗೆ ಸರಿದೂಗಿಸಿ ಪಟ್ಟಿ ಮಾಡಿದ. ಇಷ್ಟು ಗೆಡ್ಡೆ ಇಷ್ಟು ಹುಲ್ಲಿಗೆ ಸಮ ಎಂಬ ಬಗೆಯ ಆ ಪಟ್ಟಿಯೇ ಯುರೋಪಿನ ರೈತರಿಗೆ ದಶಕಗಳ ಕಾಲ ಆಧಾರವಾಗಿತ್ತು.

ಮೈಗಾತ್ರದ ಪ್ರಶ್ನೆಯನ್ನು ಹಿಡಿದವನು ಮ್ಯಾಕ್ಸ್ ರುಬ್ನರ್. ಬೇರೆ ಬೇರೆ ಗಾತ್ರದ ನಾಯಿಗಳನ್ನು ಅಳೆದು, ಪ್ರತಿ ಚದರ ಮೀಟರ್ ಮೈಹೊರಗಿಗೆ ದಿನಕ್ಕೆ ಸುಮಾರು 1,000 ಕಿಲೋಕ್ಯಾಲರಿ ಬಿಸಿ ಹೊರಬೀಳುತ್ತದೆ ಎಂದು ಅವನು 1883ರಲ್ಲಿ ತೋರಿಸಿದ. ಬಿಸಿ ಚರ್ಮದ ಮೂಲಕ ಹೋಗುವುದರಿಂದ ಶಕ್ತಿಯ ಬೇಡಿಕೆ ಮೈಹೊರಗಿನ ವಿಸ್ತಾರಕ್ಕೆ ತಕ್ಕಂತೆ ಇರುತ್ತದೆ ಎಂಬುದು ಅವನ ವಾದ. ವಾದ ಅಂದವಾಗಿತ್ತು, ಆದರೆ ಜೀವಂತ ಪ್ರಾಣಿಯ ಚರ್ಮದ ವಿಸ್ತಾರವನ್ನು ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಅಳೆಯುತ್ತಿದ್ದರು. 1932ರಲ್ಲಿ ಕ್ಯಾಲಿಫೋರ್ನಿಯಾದಲ್ಲಿದ್ದ ಮ್ಯಾಕ್ಸ್ ಕ್ಲೈಬರ್ ಚರ್ಮವನ್ನು ಬದಿಗಿಟ್ಟು ತೂಕವನ್ನೇ ನೆಚ್ಚಿದ. ಇಲಿಯಿಂದ ಹೋರಿಯವರೆಗಿನ ಅಳತೆಗಳು ಮೈತೂಕದ ಮುಕ್ಕಾಲನೆಯ ಘಾತಕ್ಕೆ ಹೊಂದುತ್ತವೆ ಎಂದು ಅವನು ಕಂಡ. ಕಿಲೋದಲ್ಲಿ ತೂಕ ಹಿಡಿದು, ಅದನ್ನು 0.75 ಘಾತಕ್ಕೇರಿಸಿ, 70ರಿಂದ ಗುಣಿಸಿದರೆ ವಿಶ್ರಾಂತಿಯ ದಿನವೊಂದರ ಕಿಲೋಕ್ಯಾಲರಿ ಸಿಗುತ್ತದೆ. ಮಿಸೌರಿಯ ಬ್ರೋಡಿ ಘಾತ 0.73 ಎನ್ನುತ್ತಿದ್ದ. ಕೊನೆಗೆ 1964ರಲ್ಲಿ ಸ್ಕಾಟ್ಲೆಂಡಿನ ಟ್ರೂನ್‌ನಲ್ಲಿ ಸೇರಿದ ವಿಜ್ಞಾನಿಗಳು 0.75 ಎಂದೇ ಒಪ್ಪಿದರು. ಪಶುವೈದ್ಯರು ಇಂದಿಗೂ 10 ಕಿಲೋ ನಾಯಿಗೆ ಈ ಸೂತ್ರದಿಂದ ಸುಮಾರು 390 ಕಿಲೋಕ್ಯಾಲರಿ ಎಂದು ಹಿಡಿದು, ಅದರ ಓಡಾಟ, ವಯಸ್ಸು ನೋಡಿ ಒಂದೂವರೆ ಪಟ್ಟು ಅಥವಾ ಅದಕ್ಕೂ ಹೆಚ್ಚು ಮಾಡುತ್ತಾರೆ.

ಬೇಡಿಕೆ ಗೊತ್ತಾದರೂ ಮೇವಿನ ಕಡೆಯ ಲೆಕ್ಕ ಉಳಿದಿತ್ತು. ಮೇವಿನಲ್ಲಿರುವ ಶಕ್ತಿಯಲ್ಲಿ ಒಂದು ಪಾಲು ಸಗಣಿಯಲ್ಲಿ, ಇನ್ನೊಂದು ಮೂತ್ರದಲ್ಲಿ, ಮೆಲುಕು ಹಾಕುವ ಪ್ರಾಣಿಗಳಲ್ಲಿ ಮತ್ತೊಂದು ಪಾಲು ಮೀಥೇನ್ ಅನಿಲವಾಗಿ ತೇಗಿನಲ್ಲಿ ಹೋಗುತ್ತದೆ. ಉಳಿದದ್ದರಲ್ಲೂ ಅಗಿಯುವುದಕ್ಕೆ, ಅರಗಿಸುವುದಕ್ಕೆ ಖರ್ಚಿದೆ. ಜರ್ಮನಿಯ ಕೆಲ್ನರ್ ಎತ್ತುಗಳ ಮೇಲೆ ಪ್ರಯೋಗ ಮಾಡಿ, ಒಂದು ಕಿಲೋ ಪಿಷ್ಟ 248 ಗ್ರಾಂ ಕೊಬ್ಬು ಕಟ್ಟುತ್ತದೆ ಎಂದು ಕಂಡುಕೊಂಡ. ಪ್ರತಿ ಮೇವನ್ನೂ ಈ ಪಿಷ್ಟದ ಮಾನದಲ್ಲಿ ತೂಗಿದ ಅವನ ಗ್ರಂಥ ಬಂದದ್ದು 1905ರಲ್ಲಿ. ಅರಗಿದ ಅಂಶ ಸಮನಾಗಿದ್ದರೂ ಒರಟು ಹುಲ್ಲಿನಿಂದ ಸಿಗುವ ಫಲ ಕಾಳಿಗಿಂತ ಕಡಿಮೆ ಎಂದು ಅವನು ತೋರಿಸಿಕೊಟ್ಟ. ಹುಲ್ಲನ್ನೇ ನಂಬಿದ ನಾಡುಗಳಿಗೆ ಇಡೀ ಶಾಸ್ತ್ರದಲ್ಲಿ ಇದಕ್ಕಿಂತ ಮುಖ್ಯವಾದ ಮಾತಿಲ್ಲ.

ಭಾರತದಲ್ಲಿ ಈ ಕೆಲಸ ಬೇರೂರಿದ್ದು ಬೆಂಗಳೂರಿನಲ್ಲಿ. 1923ರಲ್ಲಿ ಇಲ್ಲಿ ಇಂಪೀರಿಯಲ್ ಪಶುಸಂಗೋಪನೆ ಮತ್ತು ಹೈನುಗಾರಿಕೆ ಸಂಸ್ಥೆ ನೆಲೆಗೊಂಡಿತು. ಆ ಸಂಸ್ಥೆಯ ಎಫ್. ಜೆ. ವಾರ್ತ್ ನಮ್ಮ ದನಗಳಿಗೆ ನಮ್ಮದೇ ಮೇವು ತಿನ್ನಿಸಿ, ತಿಂದದ್ದನ್ನೂ ಹೊರಬಿದ್ದದ್ದನ್ನೂ ತೂಗಿ ಲೆಕ್ಕ ಹಾಕಿದರು. ಮುಂದೆ ಪಶು ಆಹಾರದ ಸಂಶೋಧನೆ ಉತ್ತರದ ಇಜ್ಜತ್‌ನಗರದಲ್ಲಿ ಬೆಳೆಯಿತು. 1938ರಲ್ಲಿ ಕೆ. ಸಿ. ಸೇನ್ ಭಾರತದ ಮೇವುಗಳ ಪೋಷಕಾಂಶಗಳ ಪಟ್ಟಿ ಹೊರತಂದರು. ಶೀತ ನಾಡಿನ, ಧಾನ್ಯ ತಿನ್ನುವ ದನಗಳ ಅಂಕಿಗಳನ್ನು ಇಲ್ಲಿ ಹಾಗೆಯೇ ಬಳಸುವುದು ತಪ್ಪೆಂಬ ಅರಿವು ಈ ದುಡಿಮೆಯ ದೊಡ್ಡ ಫಲ. ಭಾರತೀಯ ಕೃಷಿ ಅನುಸಂಧಾನ ಪರಿಷತ್ತು 1985ರಲ್ಲಿ ತನ್ನದೇ ಮಾನದಂಡಗಳನ್ನು ಪ್ರಕಟಿಸಿ, 1998 ಮತ್ತು 2013ರಲ್ಲಿ ಪರಿಷ್ಕರಿಸಿತು. 1995ರಲ್ಲಿ ಬೆಂಗಳೂರಿನ ಆಡುಗೋಡಿಯಲ್ಲಿ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆ ಶುರುವಾಯಿತು.

ಈ ಮಾನದಂಡಗಳ ನಿಜವಾದ ಪರೀಕ್ಷೆ ನಂದಗಡದಂಥ ಊರಿನ ಗೋದಲಿಯಲ್ಲಿ. ನಂದಗಡವಿರುವ ಖಾನಾಪುರ ತಾಲೂಕು ಮಳೆಯ ಸೀಮೆ. ಭತ್ತ ಇಲ್ಲಿನ ಮುಖ್ಯ ಬೆಳೆ, ಸುಗ್ಗಿಯ ನಂತರ ಬಣವಿ ಒಟ್ಟುವುದು ಭತ್ತದ ಹುಲ್ಲನ್ನೇ. ನಾನೂರು ಕಿಲೋ ಎಮ್ಮೆಗೆ ಮೈ ಉಳಿಸಿಕೊಳ್ಳಲು, ಕಿಲೋದ 0.75 ಘಾತಕ್ಕೆ 125 ಕಿಲೋಕ್ಯಾಲರಿಯಂತೆ, ದಿನಕ್ಕೆ ಸುಮಾರು 11,200 ಕಿಲೋಕ್ಯಾಲರಿ ಬೇಕು. ಇದು ಮೈಗೆ ದಕ್ಕುವ ಶಕ್ತಿಯ ಲೆಕ್ಕ. ನಿಲ್ಲುವ, ತಿನ್ನುವ, ಅರಗಿಸುವ ಖರ್ಚೆಲ್ಲ ಇದರಲ್ಲಿ ಸೇರಿರುವುದರಿಂದ ಕ್ಲೈಬರ್ ಅಂಕಿಗಿಂತ ದೊಡ್ಡದು. ಎಂಟು ಕಿಲೋ ಒಣ ಭತ್ತದ ಹುಲ್ಲಿನಿಂದ ಸಿಗುವುದೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ಬರೀ ಹುಲ್ಲು ತಿಂದ ಎಮ್ಮೆ ಬದುಕಿರಬಹುದು, ಹಿಂಡುವುದಕ್ಕೆ ಏನೂ ಮಿಗದು. ಶೇಕಡಾ 7 ಕೊಬ್ಬಿನ ಹಾಲಿಗೆ ಲೀಟರಿಗೆ ಸುಮಾರು 1,750 ಕಿಲೋಕ್ಯಾಲರಿ ಬೇಕು. ಆರು ಲೀಟರಿಗೆ 10,500. ಹಾಲಿಗೆ ಬೇಕಾದ ಶಕ್ತಿಯೇ ಮೈ ಉಳಿಸಿಕೊಳ್ಳುವ ಶಕ್ತಿಗೆ ಹೆಚ್ಚುಕಡಿಮೆ ಸಮನಾಗಿ ನಿಲ್ಲುತ್ತದೆ. ಹೊಟ್ಟೆಯಲ್ಲಿ ಇನ್ನಷ್ಟು ಹುಲ್ಲಿಗೆ ಜಾಗವಿಲ್ಲ. ಆದ್ದರಿಂದ ಹಸಿಮೇವು, ಹಿಂಡಿ, ಬೂಸಾ ಬೇಕಾಗುತ್ತವೆ. ಭತ್ತದ ಹುಲ್ಲಿನಲ್ಲಿ ಪ್ರೋಟೀನು ಶೇಕಡಾ 3–4 ಮಾತ್ರ, ಸಿಲಿಕಾದ ಅಂಶ ಹೆಚ್ಚು, ಹೀಗಾಗಿ ಹಿಂಡಿಯ ಅಗತ್ಯ ಶಕ್ತಿಗಷ್ಟೇ ಸೀಮಿತವಲ್ಲ. ರಾಷ್ಟ್ರೀಯ ಹೈನುಗಾರಿಕೆ ಅಭಿವೃದ್ಧಿ ಮಂಡಳಿಯ ಸಮತೋಲಿತ ಆಹಾರ ಕಾರ್ಯಕ್ರಮ ಇದೇ ಲೆಕ್ಕವನ್ನು ಕಂಪ್ಯೂಟರಿಗೆ ಏರಿಸಿ, ಊರಲ್ಲಿ ಸಿಗುವ ಮೇವಿನಿಂದಲೇ ಕಡಿಮೆ ಖರ್ಚಿನ ಹಂಚಿಕೆ ಹೇಳಿಕೊಡುತ್ತದೆ.

ಕಟ್ಟಿ ಮೇಯಿಸುವ ಎಮ್ಮೆಗೆ ಈ ಲೆಕ್ಕ ಚೆನ್ನಾಗಿ ಒದಗುತ್ತದೆ. ಖಾನಾಪುರದ ಕಾಡಂಚಿನ ಧನಗರ ಗೌಳಿಗಳ ಎಮ್ಮೆಗಳಿಗೆ ಅಷ್ಟಾಗಿ ಒದಗದು, ಏಕೆಂದರೆ ಅವು ದಿನವಿಡೀ ನಡೆದು ಮೇಯುತ್ತವೆ. ಏರುದಾರಿ ನಡೆದಷ್ಟೂ ಖರ್ಚು ಏರುತ್ತದೆ. ಪಟ್ಟಿಗಳು ಇದಕ್ಕೆ ಒಂದಷ್ಟು ಸೇರಿಸಿ ಎಂದಷ್ಟೇ ಹೇಳುತ್ತವೆ. ಇದೇ ತಾಲೂಕಿನ ಭೀಮಗಡ ಕಾಡಿನ ಕಾಟಿ, ಬಾರಾಪೇಡೆ ಗುಹೆಗಳ ಬಾವಲಿಗಳಂಥ ಕಾಡುಜೀವಿಗಳ ವಿಷಯದಲ್ಲಿ ಕ್ಲೈಬರ್ ಸೂತ್ರ ಬರೀ ಆರಂಭ. ಅನೇಕ ಬಾವಲಿಗಳು ಮೈಬಿಸಿ ಇಳಿಸಿ ಶಕ್ತಿ ಉಳಿಸುತ್ತವೆ, ಹಾರುವಾಗ ಹಲವು ಪಟ್ಟು ಸುಡುತ್ತವೆ. ಬಯಲಿನಲ್ಲಿ ಅಳೆಯುವ ದಾರಿಯನ್ನು 1955ರಲ್ಲಿ ಅಮೆರಿಕದ ಲಿಫ್ಸನ್ ತೆರೆದ. ಭಾರದ ಹೈಡ್ರೋಜನ್ ಮತ್ತು ಭಾರದ ಆಮ್ಲಜನಕ ಸೇರಿಸಿದ ನೀರನ್ನು ಪ್ರಾಣಿಗೆ ಕೊಟ್ಟು ಬಿಟ್ಟು, ಕೆಲವು ದಿನಗಳ ನಂತರ ಎರಡೂ ಎಷ್ಟೆಷ್ಟು ಇಳಿದಿವೆ ಎಂದು ನೋಡುವುದು ಆ ಕ್ರಮ. ಇಳಿತದ ವ್ಯತ್ಯಾಸದಿಂದ ಉಸಿರಲ್ಲಿ ಹೋದ ಇಂಗಾಲದ ಡೈಆಕ್ಸೈಡ್, ಅದರಿಂದ ಸುಟ್ಟ ಶಕ್ತಿ ಗೊತ್ತಾಗುತ್ತದೆ. ದೊಡ್ಡ ಪ್ರಾಣಿಗೆ ಈ ನೀರು ಬಲು ದುಬಾರಿ. ಹಾಗಿದ್ದರೂ ಗೌಳಿಗಳ ಎಮ್ಮೆಯಂಥ ನಡೆದು ಮೇಯುವ ದನದ ಖರ್ಚಿಗೆ ಊಹೆಯ ಬದಲು ಅಂಕಿ ಬೇಕೆಂದರೆ ಇಂಥ ಅಳತೆಯನ್ನೇ ಮಾಡಬೇಕು.