ಹರಿಹರ ಪಾಲಿಫೈಬರ್ಸ್

ಹಾವೇರಿ ಜಿಲ್ಲೆ ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣದಲ್ಲಿ, ತುಂಗಭದ್ರೆಯ ದಂಡೆಯ ಮೇಲಿರುವ ಮರದ ತಿರುಳಿನ ಕಾರ್ಖಾನೆ. ಊರವರು ತಿರುಳು ಎನ್ನುವುದಿಲ್ಲ, ಪಲ್ಪ್ ಎಂದೇ ಕರೆಯುತ್ತಾರೆ. ಹರಿಹರ ಪಟ್ಟಣವಿರುವುದು ಎದುರು ದಂಡೆಯಲ್ಲಿ. ಹೊಳೆಯ ಆಚೆ ಹಳೆಯ ಮೈಸೂರು ಸಂಸ್ಥಾನ, ಈಚೆ ಹಳೆಯ ಮುಂಬಯಿ ಪ್ರಾಂತ. ಕಾರ್ಖಾನೆ ಹೆಸರು ಪಡೆದದ್ದು ಆ ದಂಡೆಯ ಊರಿನಿಂದ, ನಿಂತದ್ದು ಈ ದಂಡೆಯಲ್ಲಿ. ಬಿರ್ಲಾ ಸಮೂಹದ ಗ್ವಾಲಿಯರ್ ರೇಯಾನ್ ಕಂಪನಿ, ಅಂದರೆ ಇಂದಿನ ಗ್ರಾಸಿಂ, ಇದನ್ನು 1972ರಲ್ಲಿ ಆರಂಭಿಸಿತು. ತಿರುಳಿನಿಂದ ವಿಸ್ಕೋಸ್ ನಾರು ತೆಗೆಯುವ ಗ್ರಾಸಿಲೀನ್ ಘಟಕ 1977ರಲ್ಲಿ ಪಕ್ಕದಲ್ಲೇ ಬಂತು.

ಇಲ್ಲಿ ಆಗುವ ಕೆಲಸ ಕಾಗದದ ಗಿರಣಿಯದ್ದಕ್ಕಿಂತ ಬೇರೆ. ತೊಗಟೆ ಸುಲಿದ ನೀಲಗಿರಿ ದಿಮ್ಮಿಗಳನ್ನು ಚಕ್ಕೆ ಮಾಡಿ, ಕ್ಷಾರದ ದ್ರಾವಣದಲ್ಲಿ ಒತ್ತಡ ಕೊಟ್ಟು ಬೇಯಿಸುತ್ತಾರೆ. ಮರವನ್ನು ಗಟ್ಟಿಯಾಗಿ ಹಿಡಿದಿಟ್ಟ ಲಿಗ್ನಿನ್ ಕರಗಿ ಕಪ್ಪು ದ್ರಾವಣವಾಗಿ ಹೊರಬೀಳುತ್ತದೆ. ಉಳಿದ ಸೆಲ್ಯುಲೋಸನ್ನು ತೊಳೆದು ಬಿಳುಪು ಮಾಡಿದರೆ ದಪ್ಪ ಒತ್ತುಕಾಗದದಂಥ ಹಾಳೆ ಸಿಗುತ್ತದೆ. ಒಣಗಿದ ಮರದ ತೂಕದಲ್ಲಿ ಹೀಗೆ ಹಾಳೆಯಾಗುವುದು ಹೆಚ್ಚುಕಡಿಮೆ ಮೂರನೆಯ ಒಂದು ಪಾಲು ಮಾತ್ರ. ಅದೇ ಹಾಳೆಯನ್ನು ಮತ್ತೆ ಕ್ಷಾರದಲ್ಲಿ ನೆನೆಸಿ, ಕಾರ್ಬನ್ ಡೈಸಲ್ಫೈಡ್ ಸೇರಿಸಿ, ಜೇನಿನಷ್ಟು ಮಂದವಾದ ದ್ರವ ಮಾಡುತ್ತಾರೆ. ಅದನ್ನು ಸೂಕ್ಷ್ಮ ತೂತುಗಳ ಮೂಲಕ ಆಮ್ಲದ ತೊಟ್ಟಿಗೆ ಹಾಯಿಸಿದಾಗ ಎಳೆಯಾಗುತ್ತದೆ. ನಾವು ತೊಡುವ ರೇಯಾನ್ ಅಂಗಿ ಹುಟ್ಟುವುದು ಹೀಗೆ. ಗಂಧಕದ ಸಂಯುಕ್ತಗಳಿಂದ ಏಳುವ ಕೊಳೆತ ಮೊಟ್ಟೆಯ ವಾಸನೆ, ಹೆದ್ದಾರಿಯಲ್ಲಿ ಬಸ್ಸು ಹರಿಹರದ ಸೇತುವೆ ದಾಟುವಾಗ ಕಿಟಕಿಯಿಂದ ಒಳಬಂದು, ನಿದ್ದೆಯಲ್ಲಿದ್ದವರಿಗೂ ಊರು ಯಾವುದೆಂದು ತಿಳಿಸುತ್ತಿತ್ತು.

ಇಂಥ ಕಾರ್ಖಾನೆಗೆ ಬೇಕಾದದ್ದು ಮುಖ್ಯವಾಗಿ ಎರಡು: ಮರ ಮತ್ತು ನೀರು. ಎರಡೂ ಊರಿನ ಸೊತ್ತು. ಅವಕ್ಕೆ ಯಾರು ಎಷ್ಟು ಬೆಲೆ ಕಟ್ಟಬೇಕು ಎಂಬ ಪ್ರಶ್ನೆಯೇ ಇದರ ಇತಿಹಾಸದ ತಿರುಳು. ಪ್ರಶ್ನೆ ಹರಿಹರದಲ್ಲಿ ಹುಟ್ಟಿದ್ದಲ್ಲ. ದಾಂಡೇಲಿಯ ಕಾಗದ ಕಾರ್ಖಾನೆಗೆ ಸರ್ಕಾರ 1950ರ ದಶಕದ ಕೊನೆಯಲ್ಲಿ ಟನ್ ಬಿದಿರನ್ನು ಒಂದೂವರೆ ರೂಪಾಯಿಗೆ ಕೊಟ್ಟಿತ್ತು. ಬುಟ್ಟಿ ಹೆಣೆಯುವ ಮೇದಾರರು ಅದೇ ಬಿದಿರಿಗೆ ಪೇಟೆಯಲ್ಲಿ ಅದರ ನೂರಾರು ಪಟ್ಟು ತೆರುತ್ತಿದ್ದರು. ಗ್ವಾಲಿಯರ್ ರೇಯಾನ್ ಕಂಪನಿಯದೇ ಇನ್ನೊಂದು ಕಾರ್ಖಾನೆ ಕೇರಳದ ಕೋಯಿಕ್ಕೋಡಿನ ಮಾವೂರಿನಲ್ಲಿ, ಚಾಲಿಯಾರ್ ಹೊಳೆಯ ದಂಡೆಯಲ್ಲಿತ್ತು. ಅಲ್ಲಿ ಬಿದಿರಿನ ದರ ಟನ್ನಿಗೆ ಒಂದೇ ರೂಪಾಯಿ. 1963ರಲ್ಲಿ ಶುರುವಾದ ಮಾವೂರು ಕಾರ್ಖಾನೆ ಹೊಳೆಯ ಮಾಲಿನ್ಯ, ಕಚ್ಚಾವಸ್ತುವಿನ ಕೊರತೆ, ಕಾರ್ಮಿಕ ಕಲಹಗಳ ನಡುವೆ 1985ರಲ್ಲಿ ನಿಂತು, ಮತ್ತೆ ತೆರೆದು, 2001ರಲ್ಲಿ ಕೊನೆಯದಾಗಿ ಮುಚ್ಚಿತು. ಚಾಲಿಯಾರ್ ಉಳಿಸಲು ಹೋರಾಡಿದ ವಾಳಕ್ಕಾಡಿನ ಕೆ. ಎ. ರಹಮಾನ್ ಅದನ್ನು ನೋಡಲು ಬದುಕಿರಲಿಲ್ಲ. ಕ್ಯಾನ್ಸರಿನಿಂದ ಅವರು 1999ರಲ್ಲೇ ತೀರಿಕೊಂಡಿದ್ದರು.

ಕುಮಾರಪಟ್ಟಣದಲ್ಲಿ ಮೊದಲು ಗದ್ದಲವೆದ್ದದ್ದು ನೀರಿಗಾಗಿ. ಕಾರ್ಖಾನೆಯ ತ್ಯಾಜ್ಯನೀರು ಕೆಳಗಡೆಯ ನಲವಾಗಲದ ಬಳಿ ಹೊಳೆ ಸೇರುತ್ತಿತ್ತು. 1980ರ ದಶಕದ ಮೊದಲರ್ಧದಲ್ಲಿ ತುಂಗಭದ್ರೆಯಲ್ಲಿ ಮೀನುಗಳು ರಾಶಿರಾಶಿಯಾಗಿ ಸತ್ತು ತೇಲಿದವು. ಕಾರಣ ಕಾರ್ಖಾನೆಯ ನೀರೇ ಎಂದು ದಂಡೆಯ ಹಳ್ಳಿಗಳವರೂ ಮೀನುಗಾರರೂ ದೂರಿದರು. ಧಾರವಾಡದಲ್ಲಿ ಎಸ್. ಆರ್. ಹಿರೇಮಠರ ಮುಂದಾಳುತನದ ಸಮಾಜ ಪರಿವರ್ತನ ಸಮುದಾಯ ಈ ದೂರನ್ನು ಕೈಗೆತ್ತಿಕೊಂಡು ಮಾಲಿನ್ಯ ನಿಯಂತ್ರಣ ಮಂಡಳಿಯ ಬಾಗಿಲಿಗೂ ನ್ಯಾಯಾಲಯಕ್ಕೂ ಒಯ್ದಿತು. ಹೊಳೆಯ ನೀರನ್ನೇ ಕುಡಿದು, ಅದರಲ್ಲೇ ಮಿಂದು, ದನ ತೊಳೆಯುವವರು ತಮ್ಮ ಹೊಳೆಯ ಬಣ್ಣ ಬದಲಾದದ್ದನ್ನು ಯಾವ ಪ್ರಯೋಗಾಲಯಕ್ಕೂ ಮೊದಲೇ ಕಂಡಿದ್ದರು. ಅವರ ಮಾತಿಗೆ ಆ ತೂಕ ಸಿಗಬೇಕಿತ್ತು.

ಮರದ ಜಗಳ ಇನ್ನೂ ದೊಡ್ಡದು. 1984ರಲ್ಲಿ ರಾಜ್ಯದ ಅರಣ್ಯ ಅಭಿವೃದ್ಧಿ ನಿಗಮ ಮತ್ತು ಹರಿಹರ ಪಾಲಿಫೈಬರ್ಸ್ ಕೂಡಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಕಂಪನಿ ಕಟ್ಟಿದವು. ನಿಗಮದ ಪಾಲು ಶೇ. 51, ಕಾರ್ಖಾನೆಯದು ಶೇ. 49. ಧಾರವಾಡ, ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಜಿಲ್ಲೆಗಳ ಸುಮಾರು 30,000 ಹೆಕ್ಟೇರ್ ಸರ್ಕಾರಿ ಜಮೀನಿನಲ್ಲಿ ನೀಲಗಿರಿ ಬೆಳೆದು ಕಾರ್ಖಾನೆಗೆ ಕೊಡುವುದು ಅದರ ಉದ್ದೇಶ. ಕಡತದಲ್ಲಿ ಆ ಜಮೀನಿನ ಹೆಸರು ‘ಸಿ ಮತ್ತು ಡಿ ದರ್ಜೆ’, ಅಂದರೆ ಪಾಳು. ಧಾರವಾಡದ ಕಡೆಯ ರೈತನ ಬಾಯಲ್ಲಿ ಅದು ಗಾಯರಾಣ. ಅಲ್ಲಿ ಕರಡ ಹುಲ್ಲಿತ್ತು, ತಂಗಟೆ, ಬಂದರಿಕೆಯ ಕಂಟಿಯಿತ್ತು, ಮಕ್ಕಳು ಆಯುವ ಕಾರೆ, ಕವಳಿ ಹಣ್ಣಿತ್ತು. ದನ ಬಾಯಿಡದ, ನೆರಳು ಕೊಡದ ನೀಲಗಿರಿ ಬಂದಾಗ ಮೊದಲು ನಷ್ಟವಾದದ್ದು ಹೊಲವಿಲ್ಲದವರಿಗೆ. ಎರಡು ಆಡು ಸಾಕಿ ಬದುಕುವ ಹೆಂಗಸಿಗೆ ಪಾಳು ಎಂಬ ಮಾತೇ ಸುಳ್ಳು.

1986ರ ಕೊನೆಯಲ್ಲಿ ಶಿವರಾಮ ಕಾರಂತರೂ ಸೇರಿ ಹಲವರು ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. ಹೊಸ ಜಮೀನು ಕೊಡದಂತೆ 1987ರ ಮಾರ್ಚಿನಲ್ಲಿ ತಡೆಯಾಜ್ಞೆ ಬಂತು. ಅದೇ ವರ್ಷ ನವೆಂಬರ್ 14ರಂದು ಹಾನಗಲ್ಲ ತಾಲ್ಲೂಕಿನ ಕುಸನೂರಿನಲ್ಲಿ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ನಡೆಯಿತು. ಸೇರಿದ ಜನ ನೀಲಗಿರಿ ಸಸಿಗಳನ್ನು ಕಿತ್ತು, ಆ ಗುಂಡಿಗಳಲ್ಲಿ ಹಣ್ಣು ಮತ್ತು ಮೇವು ಕೊಡುವ ಸಸಿಗಳನ್ನು ಹಚ್ಚಿದರು. ಉತ್ತರ ಕರ್ನಾಟಕದ ಮಾತಿನಲ್ಲಿ ಸಸಿಯನ್ನೂ ಹಚ್ಚುತ್ತಾರೆ, ದೀಪವನ್ನೂ ಹಚ್ಚುತ್ತಾರೆ. ಹೋರಾಟಕ್ಕೆ ಇದಕ್ಕಿಂತ ಒಪ್ಪುವ ಹೆಸರು ಸಿಗುತ್ತಿರಲಿಲ್ಲ. ಕಿತ್ತು ಸುಮ್ಮನೆ ಹೋಗದೆ, ಗುಂಡಿ ತುಂಬಿ ಹೋದದ್ದರಿಂದಲೇ ಈ ಚಳವಳಿಯನ್ನು ಧ್ವಂಸದ ಕೆಲಸವೆಂದು ತಳ್ಳಿಹಾಕಲು ಆಗಲಿಲ್ಲ. 1991ರಲ್ಲಿ ರಾಜ್ಯ ಸರ್ಕಾರ ಪಲ್ಪ್‌ವುಡ್ ಕಂಪನಿಯನ್ನು ಮುಚ್ಚಲು ತೀರ್ಮಾನಿಸಿತು.

ಕಾರ್ಖಾನೆ ಮುಚ್ಚಲಿಲ್ಲ, ಮುಚ್ಚಬೇಕೆಂದು ಸುತ್ತಲಿನ ಎಲ್ಲರೂ ಬಯಸಿದ್ದೂ ಇಲ್ಲ. ಕುಮಾರಪಟ್ಟಣ, ಕೊಡಿಯಾಲ, ಹರಿಹರಗಳ ಮನೆಗಳಿಗೆ ಅದರಿಂದ ಸಂಬಳ ಬರುತ್ತಿತ್ತು. ಲಾರಿ, ಗ್ಯಾರೇಜು, ಖಾನಾವಳಿಗಳು ಅದನ್ನು ನೆಚ್ಚಿಕೊಂಡಿದ್ದವು. ಲೇತ್ ಯಂತ್ರಗಳಿಗೆ ಹೆಸರಾಗಿದ್ದ ಹರಿಹರದ ಕಿರ್ಲೋಸ್ಕರ್ ಕಾರ್ಖಾನೆ ಈ ಶತಮಾನದ ಆರಂಭದ ಹೊತ್ತಿಗೆ ನಿಂತುಹೋದ ಮೇಲೆ ಆ ನೆಚ್ಚಿಕೆ ಇನ್ನೂ ಹೆಚ್ಚಿತು. ಒಂದೇ ಮನೆಯಲ್ಲಿ ಅಣ್ಣನಿಗೆ ಪಾಳಿಯ ಕೆಲಸ, ತಮ್ಮನಿಗೆ ಹೊಳೆಯ ನೀರಿನ ಹೊಲ ಇರುವ ಊರಿನಲ್ಲಿ ಪರಿಸರ ಮತ್ತು ಉದ್ಯೋಗಗಳನ್ನು ಎರಡು ಪಕ್ಷ ಮಾಡಿ ಬರೆದರೆ ಸತ್ಯ ತಪ್ಪಿಹೋಗುತ್ತದೆ.

ಮರದ ದಾರಿಯೂ ಬದಲಾಯಿತು. ಗಾಯರಾಣದ ಬದಲು ರೈತರ ಸ್ವಂತ ಹೊಲಗಳಲ್ಲಿ, ಆಯ್ದ ತಳಿಗಳ ನೀಲಗಿರಿಯನ್ನು ಬೆಳೆಸಿ ಕೊಳ್ಳುವ ಪದ್ಧತಿ ಬೆಳೆಯಿತು. ಕೂಲಿಯಾಳು ಸಿಗದ, ಮಳೆ ನೆಚ್ಚಲಾಗದ ಕಡೆ ರೈತನಿಗೆ ಅದು ಅನುಕೂಲವೂ ಆಯಿತು. ಅಂತರ್ಜಲದ ಚಿಂತೆಯಿಂದ ರಾಜ್ಯ ಸರ್ಕಾರ 2017ರಲ್ಲಿ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಹಿಂದಿನ ದಶಕಗಳ ನೀಲಗಿರಿಯ ಗುರುತು ನೋಡಬೇಕಾದವರು ರಾಣೆಬೆನ್ನೂರಿನ 119 ಚದರ ಕಿಲೋಮೀಟರಿನ ಕೃಷ್ಣಮೃಗ ಅಭಯಾರಣ್ಯಕ್ಕೆ ಹೋಗಬೇಕು. ಬಯಲು ಹುಲ್ಲಿನ ಪ್ರಾಣಿ ಅಲ್ಲಿ ನೀಲಗಿರಿಯ ಸಾಲುಗಳ ನಡುವೆ ಓಡುತ್ತದೆ.

ನೀರಿನ ಲೆಕ್ಕ ಮಾತ್ರ ಇಂದಿಗೂ ಮುಗಿದಿಲ್ಲ. 2010ರ ನಂತರದ ಹಲವು ಬೇಸಿಗೆಗಳಲ್ಲಿ ತುಂಗಭದ್ರೆ ಬತ್ತಿದಾಗ, ನೀರು ಸಾಲದೆ ಕಾರ್ಖಾನೆ ಕೆಲಸ ನಿಲ್ಲಿಸಿತು. ಮಳೆ ಬಿದ್ದು ಹೊಳೆ ಹರಿದ ಮೇಲೆ ಮತ್ತೆ ಹೊಗೆಯೆದ್ದಿತು.